ನಮ್ಮ ನೆಲ, ಕಸ್ತೂರಿಬಾಯಿಯ ಛಾವಣಿ

ಠಾಣೆ ನಗರದಲ್ಲಿರುವ ನಮ್ಮ ಆಫೀಸಿನ ಕಟ್ಟಡಕ್ಕೆ ದೊಡ್ಡದೊಂದು ಲಾಬಿ ಇದೆ. ಮುಖ ನೋಡಿಕೊಳ್ಳಬಹುದಾದಷ್ಟು ಹೊಳೆಯುವ ಕಲ್ಲಿನ ನೆಲ. ಎಲ್ಲರೂ ಅದರ ನಡುಮಧ್ಯದಲ್ಲಿ ಟಪಟಪ ನಡೆದು ಲಿಫ್ಟಿಗೆ ಹೋಗುತ್ತಾರೆ. ನಾನೊಬ್ಬಳು ಮಾತ್ರ ಗೋಡೆಯಂಚು ಹಿಡಿದು, ಮೊದಲು ಹೆಬ್ಬೆರಳನ್ನು ಊರಿ, ನೆಲ ಒಪ್ಪಿದ ಮೇಲೆ ಉಳಿದ ಪಾದವನ್ನು ಇಡುತ್ತೇನೆ. ಹೊಸದಾಗಿ ಬಂದ ಸೆಕ್ಯುರಿಟಿಯವನು ಕೆಲವು ದಿನ ನನ್ನನ್ನೇ ಗಮನಿಸಿ, ಕೊನೆಗೊಂದು ಬೆಳಿಗ್ಗೆ ಹತ್ತಿರ ಬಂದು ಮೆಲ್ಲಗೆ ಕೇಳಿದ: "ಮೇಡಂ, ಕುಛ್ ಗಿರಾ ಹೈ ಕ್ಯಾ?"

ಏನೂ ಬಿದ್ದಿಲ್ಲಪ್ಪ, ನಾನೇ ಬೀಳದಿರಲಿ ಅಂತ ಹೀಗೆ ನಡೆಯುವುದು ಎಂದು ಹಿಂದಿಯಲ್ಲಿ ಹೇಳುವುದು ಹೇಗೆಂದು ತಕ್ಷಣ ಹೊಳೆಯದೆ ನಕ್ಕು ಮುಂದೆ ಹೋದೆ. ಅವತ್ತಿನಿಂದ ನನ್ನ ಬ್ಯಾಗನ್ನು ಅವನು ಬೇರೆಯವರ ಬ್ಯಾಗಿಗಿಂತ ತುಸು ಹೆಚ್ಚು ಹೊತ್ತು ತಡಕುತ್ತಾನೆ. ಅವನ ತಪ್ಪಿಲ್ಲ. ನೆಲವನ್ನೇ ಸಂಶಯದಿಂದ ನೋಡುವ ಹೆಂಗಸನ್ನು ಯಾರು ತಾನೇ ನಂಬುತ್ತಾರೆ?

ಹುಟ್ಟಿದಾಗ ನಾನು ಹೀಗಿರಲಿಲ್ಲ. ಮೈಸೂರಿನ ನಮ್ಮ ಮನೆಯಲ್ಲಿ ಕೆಂಪು ಗಾರೆಯ ನೆಲ. ಬೇಸಿಗೆಯ ಮಧ್ಯಾಹ್ನ ಬೋರಲು ಮಲಗಿ ಕೆನ್ನೆ ಒತ್ತಿದರೆ ತಣ್ಣಗೆ, ಎದ್ದಾಗ ಕೆನ್ನೆಯ ಮೇಲೆ ಒಂದಿಷ್ಟು ಕೆಂಪು ಬಣ್ಣ. ಅದರ ಕೆಳಗೆ ಏನಿದೆ ಎಂದು ಯಾರೂ ಯೋಚಿಸಿದವರಲ್ಲ. ಸಂಶಯವೇನಿದ್ದರೂ ನಮ್ಮಜ್ಜಿಗೆ, ಅದೂ ಮಡಕೆಗಳ ಮೇಲೆ. ಸಂತೆಯಲ್ಲಿ ಕುಂಬಾರನ ಎದುರು ಕುಕ್ಕರಗಾಲಲ್ಲಿ ಕೂತು, ಒಂದೊಂದು ಮಡಕೆಯನ್ನೂ ಬೆರಳ ಗೆಣ್ಣಿನಿಂದ ಟಕ್ಕೆಂದು ಬಡಿದು ಕಿವಿ ಕೊಡುತ್ತಿದ್ದಳು. ನಮ್ಮ ಕಣ್ಣಿಗೆ ದುಂಡಗೆ ಚೆಂದಗೆ ಕಾಣುವ ಮಡಕೆಯನ್ನೇ "ಇದು ಒಳಗೊಳಗೇ ಬಿಟ್ಟಿದೆ" ಎಂದು ಪಕ್ಕಕ್ಕೆ ಸರಿಸುತ್ತಿದ್ದಳು. ಅಜ್ಜಿಯ ಆ ಕಿವಿಯನ್ನು ನನಗೆ ವರವಾಗಿ ಕೊಟ್ಟಿದ್ದರೆ ಮದುವೆಯಾದ ಮೇಲೆ ಉಪಯೋಗಕ್ಕೆ ಬರುತ್ತಿತ್ತು.

ಮದುವೆಯಾಗಿ ನಾನು ಬಂದದ್ದು ಡೊಂಬಿವಲಿ ಪೂರ್ವದಲ್ಲಿ, ಠಾಕುರ್ಲಿ ಕಡೆಗೆ ಹೋಗುವ ರಸ್ತೆಯ ಪಕ್ಕದ ಹಳೆಯ ಚಾಳಿನ, ಅಂದರೆ ಬಾಡಿಗೆಯ ವಠಾರದ, ಮಹಡಿಗೆ. ಕೆಳಮನೆಯ ಗೋಡೆಯಿಂದ ಗೋಡೆಗೆ ಸಾಗುವಾನಿ ತೊಲೆಗಳನ್ನಿಟ್ಟು, ಮೇಲೆ ಹಲಗೆ ಹಾಸಿ, ಹಲಗೆಯ ಮೇಲೆ ಸುಣ್ಣ ಬೆರೆಸಿದ ಮಣ್ಣು ತುಂಬಿ, ಅದರ ಮೇಲೆ ಶಹಾಬಾದ್ ಕಲ್ಲು ಕೂರಿಸಿದ್ದರು. ಅದು ನಮ್ಮ ನೆಲ. ಕೆಳಗಿನಿಂದ ತಲೆಯೆತ್ತಿ ನೋಡಿದರೆ ಅದೇ ಕಸ್ತೂರಿಬಾಯಿಯ ಛಾವಣಿ. ಕಸ್ತೂರಿಬಾಯಿ ಕಲಬುರಗಿ ಕಡೆಯವರು. ಮಕ್ಕಳಿಲ್ಲ, ಗಂಡ ತೀರಿಕೊಂಡಿದ್ದಾರೆ, ಒಬ್ಬರೇ ಇರುತ್ತಾರೆ. "ನಮ್ಮೂರ ಕಡಿ ಕಲ್ಲಿನ ಮ್ಯಾಲೆ ನೀವು ಅಡ್ಡಾಡ್ತೀರಿ, ನಾ ಅದರ ಕೆಳಗ ಮಲಗ್ತೀನಿ" ಎಂದು ಹೇಳುತ್ತಿದ್ದರು. ಅದರಲ್ಲಿ ತಮಾಷೆ ಎಷ್ಟು, ದೂರು ಎಷ್ಟು ಎಂದು ನನಗೆ ಗೊತ್ತಾಗುತ್ತಿರಲಿಲ್ಲ.

ಮನೆಗೆ ಬಂದ ಹೊಸತರಲ್ಲೇ ನಮ್ಮತ್ತೆ ನನಗೆ ನಡೆಯುವುದನ್ನು ಕಲಿಸಿದರು. ಅತ್ತೆ ಉಡುಪಿ ಕಡೆಯವರು. "ತೊಲೆ ಇರುವಲ್ಲಿ ಕಾಲಿಡು. ನಡುವಲ್ಲಿ ಇಡ್ಬೇಡ ಮಾರಾಯ್ತಿ, ಅಲ್ಲಿ ಬರೀ ಹಲಗೆ ಉಂಟು." ಬಂದವರನ್ನು ಅವರು ಮೈಕಟ್ಟು ನೋಡಿ ಕೂರಿಸುತ್ತಿದ್ದರು. ಸಣಕಲರಿಗೆ ಎಲ್ಲಿ ಬೇಕಾದರೂ ಜಾಗ. ದಪ್ಪನೆಯವರಿಗೆ ಗೋಡೆಯ ಪಕ್ಕ. ಒಮ್ಮೆ ಮೈಸೂರಿನಿಂದ ಬಂದ ನನ್ನ ದೊಡ್ಡಪ್ಪನ ಕುರ್ಚಿಯನ್ನು, "ಅಲ್ಲಿ ಗಾಳಿ ಇಲ್ಲ", "ಇಲ್ಲಿ ಬಿಸಿಲು" ಎನ್ನುತ್ತ ಸರಿಸಿ ಸರಿಸಿ ಮೂಲೆ ಮುಟ್ಟಿಸಿದರು. ದೊಡ್ಡಪ್ಪ ಕಾಫಿ ಕುಡಿದು ಕೆಳಗಿಳಿದ ಮೇಲೆ ನನ್ನ ಕಿವಿಯಲ್ಲಿ, "ನಿಮ್ಮತ್ತೆಗೆ ನಮ್ಮನ್ನು ಕಂಡರೆ ಆಗುವುದಿಲ್ಲ, ಅಲ್ವೇನಮ್ಮ?" ಎಂದು ಕೇಳಿದ್ದರು. ಇಂದಿಗೂ ಅವರ ಮನಸ್ಸಿನಲ್ಲಿ ಅದು ಉಳಿದಿದೆ. ತೂಕದ ವಿಷಯ ಹೇಳಿದರೆ ಇನ್ನೂ ನೊಂದುಕೊಳ್ಳುತ್ತಾರೆಂದು ನಾನೂ ಸುಮ್ಮನಿದ್ದೇನೆ.

ಈ ಎಚ್ಚರವೆಲ್ಲ ಹಳೆಯ ಮನೆಯ ರೂಢಿ ಎಂದುಕೊಂಡಿದ್ದೆ, ಲಟ್ಟಣಿಗೆ ಉರುಳಲು ಶುರುವಾಗುವವರೆಗೆ. ಅಡುಗೆಮನೆಯ ನೆಲದ ಮೇಲೆ ಚಪಾತಿ ಮಣೆ ಇಟ್ಟು ಲಟ್ಟಣಿಗೆ ಪಕ್ಕಕ್ಕಿಟ್ಟರೆ, ಅದು ಯೋಚಿಸಿ ನಿರ್ಧರಿಸಿದ ಹಾಗೆ ನಿಧಾನವಾಗಿ ಹೊರಟು ಮೋರಿಯ ಮೂಲೆ ಸೇರುತ್ತಿತ್ತು. ಮೋರಿ ಎಂದರೆ ನಮ್ಮ ಚಾಳುಗಳಲ್ಲಿ ಅಡುಗೆಮನೆಯ ಮೂಲೆಯಲ್ಲೇ ಪಾತ್ರೆ ತೊಳೆಯಲು ಕಟ್ಟಿದ ಪುಟ್ಟ ಕಟ್ಟೆ. ಅತ್ತೆ ಮೊದಲು ನನ್ನ ಕೈಯ ಮೇಲೆ ಸಂಶಯಪಟ್ಟರು, ಆಮೇಲೆ ಇಲಿಗಳ ಮೇಲೆ. ಆಮೇಲೆ ಆ ಮೂಲೆಯಿಂದ ಒದ್ದೆ ಗೋಣಿಚೀಲದ ವಾಸನೆ ಬರತೊಡಗಿತು. ಅತ್ತೆ ಕಟ್ಟಿಗೆಯ ಸೌಟು ತಗೊಂಡು ನೆಲವನ್ನು ಉದ್ದಕ್ಕೂ ಬಡಿಯುತ್ತ ಹೋದರು. ಎಲ್ಲ ಕಡೆ ಟಣ್ ಟಣ್ ಅಂದದ್ದು ಮೋರಿಯ ಹತ್ತಿರ ಬದ್ ಬದ್ ಎಂದಿತು. ಅತ್ತೆ ಸೌಟನ್ನು ತೊಳೆದಿಟ್ಟು, ಆ ಜಾಗದ ಮೇಲೆ ಒಂದು ಚಾಪೆ ಹಾಸಿದರು.

ಚಾಪೆಗೆ ಕಾರಣವಿತ್ತು. ನಮ್ಮದು ಹಳೆಯ ಬಾಡಿಗೆಯ ಮನೆ, ಬಾಡಿಗೆ ಹೆಸರಿಗಷ್ಟೇ. ನಾವೆಲ್ಲ ಎದ್ದುಹೋದರೆ ಮಾಲಕರು ಆ ಜಾಗದಲ್ಲಿ ಮುಗಿಲು ಮುಟ್ಟುವ ಕಟ್ಟಡ ಎಬ್ಬಿಸಬಹುದು. ತೊಲೆ ಕೊಳೆತಿದೆ ಎಂಬ ಸುದ್ದಿ ಹೊರಗೆ ಬಿದ್ದರೆ ಸಾಕು, ಅಪಾಯಕಾರಿ ಕಟ್ಟಡ ಎಂಬ ನೋಟಿಸು ಗೋಡೆಗೆ ಅಂಟುತ್ತದೆ. ಹಿಂದಿನ ಗಲ್ಲಿಯ ಚಾಳಿನವರು ಹಾಗೆಯೇ ಎದ್ದು ಹೋದವರು. ಹೊಸ ಕಟ್ಟಡದಲ್ಲಿ ಮನೆ ಕೊಡುತ್ತೇವೆಂದು ಅವರಿಗೆ ಹೇಳಿದ್ದರು. ಅಲ್ಲಿ ಈಗಲೂ ಇರುವುದು ತಗಡಿನ ಬೇಲಿ ಮತ್ತು ನೀರು ನಿಂತ ಗುಂಡಿ. ಅದರ ಪಕ್ಕದಲ್ಲಿ ಹಾದುಹೋಗುವಾಗ ಅತ್ತೆ ಸೆರಗು ಬಿಗಿ ಹಿಡಿದುಕೊಳ್ಳುತ್ತಿದ್ದರು.

ಮಳೆಗಾಲಕ್ಕೆ ಮುಂಚೆ ಮಾಲಕರ ಕಡೆಯವನೊಬ್ಬ ಚಾಳಿಗೆ ಬರುತ್ತಿದ್ದ. ಎಂಥ ಬಿಸಿಲಿದ್ದರೂ ಕೈಯಲ್ಲಿ ಕೊಡೆ. ಅದನ್ನು ಬಿಚ್ಚಿದ್ದನ್ನು ಯಾರೂ ಕಂಡವರಿಲ್ಲ. ಅದರ ತುದಿಯಿಂದ ಕಂಬ, ಕಟಕಟೆ, ಮೆಟ್ಟಿಲು ಎಲ್ಲವನ್ನೂ ಕುಟ್ಟಿ ನೋಡುತ್ತಿದ್ದ. ಅವನ ನಿಜವಾದ ಹೆಸರು ನಮಗೆ ಗೊತ್ತಿದ್ದರೂ ಮನೆಯಲ್ಲಿ ಅವನನ್ನು ಕೊಡೆಯವ ಎಂದೇ ಕರೆಯುತ್ತಿದ್ದೆವು. ಆ ಸಲ ಅವನು ಬಂದವನು ಕಸ್ತೂರಿಬಾಯಿಯ ಮನೆಯಲ್ಲಿ ಚಹಾ ಕುಡಿದು ಹೋದ. ಮತ್ತೊಮ್ಮೆ ಬಂದ; ಮತ್ತೆ ಚಹಾ. ಅದರ ಬೆನ್ನಿಗೇ ಕೆಳಗೆ ಠಕಠಕ ಶಬ್ದ ಶುರುವಾಯಿತು. ಕಸ್ತೂರಿಬಾಯಿ ತೊಲೆಗಳೆಲ್ಲ ಮುಚ್ಚಿಹೋಗುವಂತೆ ಬಿಳಿಯ ಸುಳ್ಳು ಛಾವಣಿ ಹಾಕಿಸುತ್ತಿದ್ದರು.

ಅತ್ತೆಗೆ ಊಟ ಸೇರದಾಯಿತು. ನನ್ನ ಮುಂದೆ ಕನ್ನಡ ಮಾತನಾಡುವ ಅವರು, ಗುಟ್ಟಿನ ಮಾತಿಗೆ ಮಗನ ಹತ್ತಿರ ತುಳುವಿಗೆ ಹೊರಳುತ್ತಿದ್ದರು. ನೆಲ ತೆಳ್ಳಗಿದೆ, ಕೆಳಗೆ ಕೇಳಿಸಬಾರದು ಎಂಬುದು ಅವರು ಕೊಡುತ್ತಿದ್ದ ಕಾರಣ. ನನಗೂ ತುಳು ಬಾರದು ಎಂಬುದನ್ನು ಅವರು ಅನುಕೂಲವೆಂದುಕೊಂಡಿದ್ದಾರೋ ಎಂದು ನನ್ನದೊಂದು ಪ್ರತ್ಯೇಕ ಸಂಶಯ. ಆ ದಿನಗಳಲ್ಲಿ ಮಾತ್ರ ನಮ್ಮವರು ಪಕ್ಕಕ್ಕೆ ಕರೆದು ನನಗೆ ಅನುವಾದ ಮಾಡುತ್ತಿದ್ದರು: "ಕೆಳಗಿನವಳು ಕೊಡೆಯವನ ಜೊತೆ ಸೇರಿಕೊಂಡಿದ್ದಾಳೆ, ಒಳಗೆ ತೊಲೆ ಕೊಯ್ಯಿಸುತ್ತಿದ್ದಾಳೆ, ಹೊರಗೆ ಬಿಳಿ ಹಲಗೆ ಹೊಡೆಸುತ್ತಿದ್ದಾಳೆ ಅಂತಾರೆ ಅಮ್ಮ."

"ನೀವೇನಂತೀರಿ?" ಎಂದೆ.

"ನಾನು ಅಂದರೆ ಕೇಳುವವರು ಯಾರು? ಮೊದಲು ಮೋರಿಯ ಪೈಪು ನೋಡಿಸೋಣ ಅಂದೆ. ಬೇರೆಯವರನ್ನು ಒಳಗೆ ಬಿಡಬೇಡ ಅಂದರು."

ಪತ್ತೆದಾರಿಕೆ ನನ್ನ ಪಾಲಿಗೆ ಬಂತು. ಒಂದು ಬಟ್ಟಲು ಹಿಡಿದು, ಹೆಪ್ಪು ಕೇಳುವ ನೆಪದಲ್ಲಿ ಕೆಳಗಿಳಿದೆ. ಕಸ್ತೂರಿಬಾಯಿ ಬಾಗಿಲನ್ನು ಅರ್ಧವೇ ತೆರೆದರು.

"ಹೆಪ್ಪಾ? ನಸುಕಿನ್ಯಾಗ ನಿಮ್ಮತ್ತಿ ಮಜ್ಜಿಗಿ ಕಡಿಯೋ ಸಪ್ಪಳ ಕೇಳಿದೆನಲ್ಲ."

ನಾನು ತಡವರಿಸಿ, "ಆ ಮೊಸರು ಹುಳಿ ಬಂದಿತ್ತು" ಎಂದೆ. ಕಣ್ಣು ಮಾತ್ರ ಮೇಲೆ.

"ಮ್ಯಾಲೇನು ನೋಡ್ಲಿಕತ್ತೀರಿ ತಂಗಿ?"

"ಚೆನ್ನಾಗಿ ಮಾಡಿಸಿದ್ದೀರಿ."

"ಮಾಡಿಸದೆ ಏನ್ ಮಾಡ್ಲಿ? ನಿಮ್ಮ ನೆಲದ ಮಣ್ಣು ನನ್ನ ಸಾರಿನಾಗ ಬೀಳ್ತದ." ಅವರು ನನ್ನ ಕಾಲನ್ನೇ ನೋಡುತ್ತಿದ್ದರು. "ಒಂದು ಕೇಳ್ತೀನಿ. ಬಿಲ್ಡರ್‌ಗಳ ಕಡೆ ನಿಮ್ಮದೇನರ ಮಾತುಕತಿ ನಡದದೇನು?"

"ನಮ್ಮದಾ? ನಿಮ್ಮಲ್ಲಿಗಲ್ವೆ ಆ ಕೊಡೆಯವರು ಬಂದು ಚಹಾ ಕುಡಿದು ಹೋಗುವುದು?"

"ಚಹಾ ಕೊಡದಿದ್ರ ಸುಮ್ನ ಕುಂತು ಮ್ಯಾಲೆ ನೋಡ್ತಾನ" ಎಂದರು ಕಸ್ತೂರಿಬಾಯಿ. ಒಳಗೆ ಹೋಗಿ ಒಂದು ಚಮಚ ಮೊಸರು ತಂದು ಬಟ್ಟಲಿಗೆ ಹಾಕಿದರು. ಆ ಮೊಸರನ್ನು ಅತ್ತೆ ಹಾಲಿಗೆ ಬೆರೆಸಲಿಲ್ಲ. ಮೂಸಿ ನೋಡಿ ಪಕ್ಕಕ್ಕಿಟ್ಟರು.

ಹೀಗೆ ಮೇಲೆ ನಾವು, ಕೆಳಗೆ ಅವರು, ನಡುವೆ ವಾಸನೆ. ಕಸ್ತೂರಿಬಾಯಿ ಕೋಲಿನಿಂದ ಕುಟ್ಟಿದರೆ ಅತ್ತೆ ಸೌಟಿನಿಂದ ಉತ್ತರ ಕೊಡುತ್ತಿದ್ದರು. ಮೆಟ್ಟಿಲಲ್ಲಿ ಎದುರಾದರೆ ಇಬ್ಬರೂ ಮಗ್ಗುಲಿನ ಗೋಡೆ ನೋಡುತ್ತಿದ್ದರು.

ಒಂದು ಭಾನುವಾರ ಬೆಳಿಗ್ಗೆ ನಮ್ಮವರು ತರಕಾರಿಗೆ ಹೋಗಿದ್ದರು. ಅತ್ತೆ ಚಾಪೆಯನ್ನು ಬಿಸಿಲಿಗೆ ಹಾಕಲೆಂದು ಎಳೆದರು. ನಾನು ಒಗ್ಗರಣೆ ಹಾಕುತ್ತಿದ್ದೆ. ಬೆನ್ನ ಹಿಂದೆ ಕರಕ್ ಎಂದಿತು. ತಿರುಗಿ ನೋಡಿದರೆ ಅತ್ತೆ ಗಿಡ್ಡಗಾಗಿದ್ದರು. ಒಂದು ಕಾಲು ಮಡಚಿಕೊಂಡು ನೆಲದ ಮೇಲಿದೆ, ಇನ್ನೊಂದು ಮೊಣಕಾಲಿನವರೆಗೆ ನೆಲದೊಳಗೆ. ಸುತ್ತ ಧೂಳು.

ನಾನು ಓಡಿಹೋಗಿ ಕಂಕುಳಿಗೆ ಕೈ ಹಾಕಿ ಎತ್ತಲು ಹೋದೆ.

"ಎಳೀಬೇಡ ವಿಜಯಾ" ಎಂದರು ಅತ್ತೆ, ಉಸಿರು ಹಿಡಿದು. "ಕೆಳಗೆ ಯಾರೋ ನನ್ನ ಕಾಲು ಹಿಡ್ಕೊಂಡಿದ್ದಾರೆ."

ನಾನು ಕೈ ಸಡಿಲಿಸಿದೆ. ಆಗ ಬಿರುಕಿನಿಂದ ಕಸ್ತೂರಿಬಾಯಿಯ ಧ್ವನಿ ಬಂತು. "ನಾನೇ ಹಿಡಿದೀನಿ ತಂಗಿ. ಹಂಗ ಎಳದ್ರ ಹಲಗಿ ಸಿಬರು ಚುಚ್ಚಿ ಕಾಲು ಸೀಳ್ತದ. ಸ್ಟೂಲ್ ಮ್ಯಾಲೆ ನಿಂತೀನಿ. ಮೊದಲು ಸಿಬರು ಮುರೀತೀನಿ, ಆಮ್ಯಾಲೆ ಮೆಲ್ಲಗ ಎತ್ತರಿ."

ಸೊಪ್ಪು ಸೋಸುತ್ತ ಕೂತಿದ್ದವರ ಕಣ್ಣೆದುರು, ಬಿಳಿ ಛಾವಣಿ ಸೀಳಿಕೊಂಡು ಒಂದು ಪಾದ ಇಳಿದು ಬಂದಿತ್ತಂತೆ. ಬೇರೆ ಯಾರಾದರೂ ಆಗಿದ್ದರೆ ಹೊರಗೆ ಓಡುತ್ತಿದ್ದರು. ಅವರು ಸ್ಟೂಲು ಎಳೆದುಕೊಂಡು ಹತ್ತಿದ್ದರು.

ಸಿಬರು ಮುರಿಯುವಾಗ ನೋವಿಗೆ ಅತ್ತೆ "ಅಪ್ಪೇ" ಎಂದು ನರಳಿದರು. ತುಳುವಿನಲ್ಲಿ ಅಮ್ಮನನ್ನು ಕರೆಯುವ ಮಾತು ಅದು. ಕೆಳಗಿನಿಂದ ತಕ್ಷಣ ಉತ್ತರ ಬಂತು: "ಪೋಡ್ಯೊಡ್ಚಿ ಅಕ್ಕಾ, ಪೋಡ್ಯೊಡ್ಚಿ."

ಹೆದರಬೇಡಿ ಎಂದರ್ಥ. ಅಷ್ಟು ತುಳು ನನಗೂ ಗೊತ್ತಿತ್ತು. ಅತ್ತೆ ನೋವನ್ನು ಮರೆತು ನೆಲದ ಕಡೆ ಬಗ್ಗಿದರು.

"ನಿಮಗೆ ತುಳು ಬರ್ತದಾ?"

"ಲಗ್ನಕ್ಕ ಮೊದಲು ಇಲ್ಲೇ ಪಕ್ಕದ ಕಲ್ಯಾಣ್‌ದಾಗ ನಿಮ್ಮ ಕಡಿಯವರ ಹೋಟೆಲ್‌ನಾಗ ಕಾಯಿಪಲ್ಯ ಹೆಚ್ಚತಿದ್ದೆ. ಅಲ್ಲಿ ಎಲ್ಲಾರೂ ಅದನ್ನೇ ಮಾತಾಡ್ತಿದ್ರು."

"ಹಾಗಾದ್ರೆ ನಾವು ಮಾತಾಡಿದ್ದು..."

"ಕೇಳಸ್ತದ" ಎಂದರು ಕಸ್ತೂರಿಬಾಯಿ. "ಎಲ್ಲಾ ಕೇಳಸ್ತದ."

ಕಾಲು ಅವರ ಕೈಯಲ್ಲೇ ಇತ್ತು.

ಕಾಲಿಗೆ ತರಚಿದ ಗಾಯ, ಸ್ವಲ್ಪ ಉಳುಕು, ಅಷ್ಟೇ. ಅತ್ತೆಯನ್ನು ಮಂಚದ ಮೇಲೆ ಕೂರಿಸುವಷ್ಟರಲ್ಲಿ ಕಸ್ತೂರಿಬಾಯಿ ಅರಿಶಿನ ಹಿಡಿದು ಮೇಲೆ ಬಂದಿದ್ದರು. ತಿಂಗಳುಗಟ್ಟಲೆ ಆದಮೇಲೆ ನಮ್ಮ ಹೊಸ್ತಿಲು ದಾಟಿದ್ದು. ನಾನು ಮೊಬೈಲಿನ ಬೆಳಕು ಬಿಟ್ಟು ಬಿರುಕಿನೊಳಗೆ ನೋಡಿದೆ. ಗೋಡೆಯೊಳಗೆ ಹೊಕ್ಕ ತೊಲೆಯ ತುದಿ ಸುಟ್ಟ ಹಾಗೆ ಕಂದುಬಣ್ಣಕ್ಕೆ ತಿರುಗಿ, ಚೌಕ ಚೌಕವಾಗಿ ಬಿರಿದಿತ್ತು. ಬೆರಳಿನಿಂದ ಒತ್ತಿದರೆ ಚಹಾದಲ್ಲಿ ಅದ್ದಿದ ಟೋಸ್ಟಿನಂತೆ ಕುಸಿಯುತ್ತಿತ್ತು. ಪಕ್ಕದಲ್ಲಿ ನರಗಳಂಥ ಬಿಳಿ ಎಳೆಗಳು ಹಬ್ಬಿದ್ದವು.

"ಇದರ ಕೆಳಗ ನನ್ನ ಕಡಿ ಅಣಬಿ ಬೆಳದಿದ್ವು" ಎಂದರು ಕಸ್ತೂರಿಬಾಯಿ. "ಆ ಕೊಡಿಯವ ನೋಡಿದ್ರ ಮನಿ ಹೋಯ್ತು ಅಂತ ಬಿಳಿ ಹಲಗಿ ಹೊಡಿಸಿದೆ. ಅದು ಆಗೋತನ ಅವ ಬಂದಾಗೆಲ್ಲ ಬಾಗಲ್ದಾಗೇ ಕುಂಡ್ರಿಸಿ ಚಹಾ ಕೊಟ್ಟೆ."

ಅತ್ತೆ ಚಾಪೆಯ ಕಡೆ ಕೈ ತೋರಿಸಿದರು. "ನಾನು ಈ ಚಾಪೆ ಹಾಸಿದ್ದೂ ಅದಕ್ಕೇ."

"ನೀವು ಬೇಕಂತನ ನೀರು ಇಳಿಸಿ ಮನಿ ಕೆಡವಿಸ್ತೀರಿ, ಬಿಲ್ಡರ್ ಕಡಿಂದ ಫ್ಲ್ಯಾಟ್ ತಗೋತೀರಿ ಅಂತ ನಾ ತಿಳಕೊಂಡಿದ್ದೆ. ನನಗ ಎಲ್ಲಿ ಹೋಗ್ಲಿ ಅಂತ ತಿಳೀತಿದ್ದಿಲ್ಲ, ಅಕ್ಕಾ. ನನಗ ಬ್ಯಾರೆ ಮನಿ ಇಲ್ಲ."

"ನಮಗೆಲ್ಲಿ ಉಂಟು?" ಎಂದರು ಅತ್ತೆ.

ಒಂದೇ ಕೊಳೆತ ತೊಲೆಯನ್ನು ಮೇಲಿನಿಂದ ನಾವು, ಕೆಳಗಿನಿಂದ ಅವರು, ಒಂದೇ ಹೆದರಿಕೆಯಿಂದ ಮುಚ್ಚಿಟ್ಟು ಬಲಿಯಲು ಬಿಟ್ಟಿದ್ದೆವು.

ನಮ್ಮವರು ತರಕಾರಿ ತಂದವರು ನೆಲದಲ್ಲಿ ತೂತು, ಮಂಚದ ಮೇಲೆ ಇಬ್ಬರು ಶತ್ರುಗಳನ್ನು ಕಂಡು ಬಾಗಿಲಲ್ಲೇ ನಿಂತರು. ಅವತ್ತೇ ಪರಿಚಯದ ಎಂಜಿನಿಯರೊಬ್ಬರನ್ನು ಕರೆತಂದು ತೋರಿಸಿದರು. ಅವರು ಮೇಲಿನ ಭಾರವನ್ನೆಲ್ಲ ತೆಗೆಸಿ, ಬಿಳಿ ಛಾವಣಿ ಕಳಚಿಸಿ, ಕೆಳಗೆ ಕಬ್ಬಿಣದ ಆಸರೆ ಕೊಡಿಸಿದರು. ಕಾರಣಗಳು ಒಂದೊಂದಾಗಿ ಹೊರಬಂದವು. ನಮ್ಮ ಮೋರಿಯ ಪೈಪಿನ ಸಂದಿಯಿಂದ ಹನಿ ಹನಿಯಾಗಿ ನೀರು ತೊಲೆಯ ತುದಿಗೆ ಇಳಿಯುತ್ತಿತ್ತು. ಅದು ಆರಲೆಂದು ಹಳೆಯ ಕಾಲದವರು ತೊಲೆಯ ಮಟ್ಟದಲ್ಲಿ ಗೋಡೆಗೆ ಗಾಳಿಗಂಡಿ ಬಿಟ್ಟಿದ್ದರು. ಇಲಿ ಬರುತ್ತವೆಂದು ಕಸ್ತೂರಿಬಾಯಿ ಅವಕ್ಕೆ ಚಿಂದಿ ತುರುಕಿ ಸಿಮೆಂಟು ಮೆತ್ತಿಸಿದ್ದರು. ಬಿಳಿ ಛಾವಣಿ ಬಂದ ಮೇಲೆ ಉಳಿದ ಗಾಳಿಯೂ ನಿಂತುಹೋಯಿತು. ನೀರು ನಮ್ಮದು, ಉಸಿರುಕಟ್ಟಿಸಿದ್ದು ಅವರದು.

ಹತ್ತಿರದ ಶಹಾಡಿನಿಂದ ಬಡಗಿಯೊಬ್ಬ ಬಂದ. ಬಂದವನೇ ಕತ್ತೆತ್ತಿ ನೋಡಿ, ಎಲ್ಲ ತೊಲೆಗಳನ್ನೂ ಬದಲಿಸಬೇಕು ಎಂದ. ಅಷ್ಟು ದಿನ ಒಬ್ಬರ ಮೇಲೊಬ್ಬರು ಖರ್ಚು ಮಾಡಿದ್ದ ಸಂಶಯವನ್ನೆಲ್ಲ ಅತ್ತೆ ಮತ್ತು ಕಸ್ತೂರಿಬಾಯಿ ಒಟ್ಟುಗೂಡಿಸಿ ಅವನ ಮೇಲೆ ಹೊರಳಿಸಿದರು. ಕಸ್ತೂರಿಬಾಯಿ ಗೋಣಿ ಹೊಲಿಯುವ ದಬ್ಬಣ ಹಿಡಿದು ಸ್ಟೂಲು ಹತ್ತಿದರು. ಅತ್ತೆ ಕುಂಟುತ್ತ ಸ್ಟೂಲು ಹಿಡಿದು ನಿಂತರು. ಒಂದೊಂದೇ ತೊಲೆಗೆ ಚುಚ್ಚಿದರು. ಗಟ್ಟಿ ಮರ ದಬ್ಬಣವನ್ನು ತಡೆಯುತ್ತಿತ್ತು; ಕೊಳೆತದ್ದು ನುಂಗುತ್ತಿತ್ತು. ನುಂಗಿದ್ದು ಒಂದೇ ತೊಲೆ, ಅದರ ಪಕ್ಕದ್ದು ಅರೆಬರೆ. ಎಂಜಿನಿಯರೂ ಅದನ್ನೇ ಹೇಳಿದರು. ಬಡಗಿ ಗೊಣಗುತ್ತಲೇ ಕೆಲಸ ಹಿಡಿದ. ಪೈಪು ಬದಲಾಯಿತು. ಫ್ಯಾನ್ ಹಚ್ಚಿಟ್ಟು ಮರವನ್ನು ಪೂರ್ತಿ ಒಣಗಿಸಿದರು. ಕೊಳೆತದ್ದನ್ನು ಗಟ್ಟಿ ಮರ ಸಿಗುವವರೆಗೆ ಕೊಯ್ದು ತೆಗೆದು, ಎರಡೂ ಬದಿಗೆ ಹೊಸ ಸಾಗುವಾನಿ ಸೇರಿಸಿ ಬೋಲ್ಟು ಬಿಗಿದು, ಹುಳ-ಬೂಷ್ಟು ಹಿಡಿಯದ ಔಷಧಿ ಬಳಿದ. ತುದಿ ಗೋಡೆಗೆ ತಾಗದ ಹಾಗೆ ಗಾಳಿಯಾಡಲು ಸಂದು ಬಿಟ್ಟ. ಗಾಳಿಗಂಡಿಗಳು ಮತ್ತೆ ತೆರೆದುಕೊಂಡವು, ಈ ಸಲ ಇಲಿ ನುಗ್ಗದಂತೆ ಜಾಳಿಗೆಯೊಂದಿಗೆ.

ಕೊಡೆಯವ ಬಂದಾಗ ಕಸ್ತೂರಿಬಾಯಿ ಚಹಾ ಕೊಡಲಿಲ್ಲ. ಒಳಗೆ ಕರೆದು, ನೋಡಿ ಅಂದರು. ಅವನು ಕೊಡೆ ಎತ್ತಿ ಹೊಸ ಮರವನ್ನು ಕುಟ್ಟಿದ. ಮೇಲೆ ನಾನು ಹೆಬ್ಬೆರಳ ಮೇಲೆ ನಿಂತಿದ್ದೆ. ಟಣ್ ಎಂದಿತು. "ಮಜಬೂತ್ ಆಹೆ" ಎಂದ ಅವನು, ಮರಾಠಿಯಲ್ಲಿ, ಸಂತೋಷವೇನೂ ಇಲ್ಲದ ಧ್ವನಿಯಲ್ಲಿ. ಬೇಕೆಂದೇ ಜೋರಾಗಿ ಕುಟ್ಟಿದ ಎಂದು ಅತ್ತೆಗೆ ಇವತ್ತಿಗೂ ಗುಮಾನಿ.

ಸಂಶಯ ಹೋಗಿಬಿಟ್ಟಿತು ಎಂದರೆ ಸುಳ್ಳಾಗುತ್ತದೆ. ಅದಕ್ಕೊಂದು ವಾರ ನಿಗದಿಯಾಯಿತು, ಅಷ್ಟೇ. ಪ್ರತಿ ಶನಿವಾರ ಕಸ್ತೂರಿಬಾಯಿ ಮೇಲೆ ಬಂದು ನಮ್ಮ ಮೋರಿಯ ಪೈಪಿನ ಅಡಿಗೆ ಬೆರಳು ಹಾಕಿ ಮೂಸಿ ನೋಡುತ್ತಾರೆ. ಅತ್ತೆ ಕೆಳಗೆ ಹೋಗಿ ಗಾಳಿಗಂಡಿಯೊಳಗೆ ಇಣುಕಿ, ತೊಲೆಗೆ ದಬ್ಬಣ ಚುಚ್ಚಿ ಬರುತ್ತಾರೆ. ಇಬ್ಬರೂ ಇದನ್ನು ಮುಖ ಗಂಟಿಕ್ಕಿಕೊಂಡೇ ಮಾಡುತ್ತಾರೆ. ಆಮೇಲೆ ಕೂತು ಕಾಫಿ.

ನನ್ನ ನಾದಿನಿಯ ಮನೆ ಘಣಸೋಲಿಯಲ್ಲಿ, ಹೊಸ ಸೆಕ್ಟರಿನ ಎತ್ತರದ ಕಟ್ಟಡದಲ್ಲಿ. ಅಮ್ಮನ ಕಾಲು ನೆಲದೊಳಗೆ ಹೋದ ಸುದ್ದಿ ಕೇಳಿದಾಗಿನಿಂದ ಅವಳಿಗೆ ಸಮಾಧಾನವಿರಲಿಲ್ಲ. ಮಳೆ ಹಿಡಿಯುವ ಹೊತ್ತಿಗೆ ಬಂದು, ಇನ್ನು ನೀನು ಆ ಮರದ ಪೆಟ್ಟಿಗೆಯಲ್ಲಿ ಇರುವುದು ಬೇಡ, ಮಳೆಗಾಲ ಪೂರ್ತಿ ನಮ್ಮಲ್ಲೇ ಇರು ಎಂದು ಹಟ ಹಿಡಿದು ಕರೆದುಕೊಂಡು ಹೋದಳು. ಅಲ್ಲಿ ಎಲ್ಲ ಕಾಂಕ್ರೀಟು, ಕುಣಿದರೂ ಅಲುಗದ ನೆಲ. ಅತ್ತೆ ಮೊದಲ ದಿನವೇ ಅದನ್ನು ಕುಟ್ಟಿ ನೋಡಿ ಗಟ್ಟಿ ಉಂಟು ಎಂದರಂತೆ. ಮರುದಿನದಿಂದ ನಿದ್ದೆ ಸರಿಯಿಲ್ಲ ಎಂದು ನಾದಿನಿಯ ಫೋನು.

"ಹಾಸಿಗೆ ಬದಲಾಯಿಸಿದೆ, ಫ್ಯಾನ್ ಕಡಿಮೆ ಮಾಡ್ದೆ" ಎಂದಳು ಅವಳು. "ಕೊನೆಗೆ ಕೇಳ್ತಾರೆ, ನಿಮ್ಮ ಕೆಳಗೆ ಯಾರಿದ್ದಾರೆ ಅಂತ. ನನಗೇನು ಗೊತ್ತು ಅತ್ತಿಗೆ? ಲಿಫ್ಟಲ್ಲಿ ನೋಡಿರಬಹುದು. ಗೊತ್ತಿಲ್ಲ ಅಂದೆ. ಕೆಳಗೆ ಯಾರಿದ್ದಾರೆ ಅಂತ ಗೊತ್ತಿಲ್ದೆ ನೀನು ಮಲಗುದು ಹೇಗೆ ಅಂತ ನನ್ನನ್ನೇ ಬೈದರು."

ಅವತ್ತು ಆಫೀಸಿನಿಂದ ಬಂದಾಗ ಅತ್ತೆಯ ಚಪ್ಪಲಿ ಕಸ್ತೂರಿಬಾಯಿಯ ಬಾಗಿಲಲ್ಲಿತ್ತು. ಒಳಗೆ ಇಬ್ಬರೂ ಕತ್ತೆತ್ತಿ ನಿಂತಿದ್ದರು. ಬ್ಯಾಗು ಇನ್ನೂ ಅತ್ತೆಯ ಹೆಗಲ ಮೇಲೇ ಇತ್ತು.

"ನೀವು ಹೋದ ಮ್ಯಾಲೆ ನಿಮ್ಮ ಸೊಸಿ ಒಂದಿನಾನೂ ಮೋರಿ ಒರಸಿಲ್ಲ" ಎನ್ನುತ್ತಿದ್ದರು ಕಸ್ತೂರಿಬಾಯಿ. "ನನಗ ಇಲ್ಲಿಂದನ ಗೊತ್ತಾಗ್ತದ."

ಅತ್ತೆ ತಿರುಗಿ, ಬಾಗಿಲಲ್ಲಿ ನಿಂತ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ನನಗೆ ಘಣಸೋಲಿಯಲ್ಲೇ ಸಂಶಯ ಬಂದಿತ್ತು" ಎಂದರು.